ಹೆಂಡತಿಯ ಪುಸ್ತಕಕ್ಕೆ ಮೂರು ಕೊಟೇಶನ್

ಅಂಗಡಿಗೆ ಹೋಗಿ, ಬೇಕಾದ್ದನ್ನು ಕೇಳಿ, ಅದನ್ನೇ ತೆಗೆದುಕೊಂಡು ಮನೆಗೆ ಬರುವ ಜನ ಈ ಲೋಕದಲ್ಲಿದ್ದಾರೆಂದು ನನಗೆ ಗೊತ್ತು. ಹೆಲ್ಮೆಟ್ಟಿಲ್ಲದೆ ಬನ್ನೇರುಘಟ್ಟ ರಸ್ತೆಯಲ್ಲಿ ನುಗ್ಗುವವರನ್ನು ಕಂಡಾಗ ಆಗುವಂಥದೇ ಗಾಬರಿ ಇವರನ್ನು ಕಂಡರೂ ನನಗೆ ಆಗುತ್ತದೆ. ಪಂಪ್‌ಸೆಟ್ಟಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನಾನು ಹದಿನೆಂಟು ವರ್ಷದಿಂದ ಕೂತಿದ್ದೇನೆ. ಮೂರು ಕೊಟೇಶನ್ ಇಲ್ಲದೆ ಒಂದು ವಾಷರ್ ಕೂಡ ನಮ್ಮ ಗೇಟಿನೊಳಕ್ಕೆ ಬರಕೂಡದು. ಆ ಶಿಸ್ತು ಮೈಗೆ ಅಂಟಿಕೊಂಡು ಈಗ ಚರ್ಮರೋಗದ ಹಾಗೆ ಆಗಿಬಿಟ್ಟಿದೆ. ಮನೆಗೊಂದು ಮಿಕ್ಸಿ ಕೊಳ್ಳಲು ಏಳು ತಿಂಗಳು ತೆಗೆದುಕೊಂಡೆ. ಆ ಏಳು ತಿಂಗಳೂ ನನ್ನ ಹೆಂಡತಿ ಸುಜಾತ ಪಕ್ಕದ ಮನೆಗೆ ಹೋಗಿ ಚಟ್ನಿ ರುಬ್ಬಿಕೊಂಡು ಬಂದಳು. ಕೊನೆಗೆ ಸಕಲ ಪರಿಶೀಲನೆಯೂ ಮುಗಿದು ನಾನು ಕೊಂಡದ್ದು ಪಕ್ಕದ ಮನೆಯಲ್ಲಿದ್ದ ಅದೇ ಕಂಪನಿಯ ಅದೇ ಮಾಡೆಲ್ಲು. ಪುಣ್ಯಕ್ಕೆ ಮದುವೆಯ ಹೊತ್ತಿಗೆ ನಾನಿನ್ನೂ ಖರೀದಿ ವಿಭಾಗಕ್ಕೆ ಸೇರಿರಲಿಲ್ಲ. ಸೇರಿದ್ದರೆ ಸುಜಾತ ಬೇರೆ ಯಾರನ್ನಾದರೂ ಕಟ್ಟಿಕೊಂಡು ನೆಮ್ಮದಿಯಾಗಿರುತ್ತಿದ್ದಳು.

ಸುಜಾತ ಜಯನಗರದ ಒಂದು ಆಸ್ಪತ್ರೆಯಲ್ಲಿ ನರ್ಸು. ಇಪ್ಪತ್ತು ವರ್ಷದ ಸರ್ವೀಸಾಗಿದೆ, ಈಗ ಒಂದು ಇಡೀ ವಾರ್ಡಿಗೆ ಅವಳೇ ಇನ್‌ಚಾರ್ಜ್. ಅವಳ ಹತ್ತಿರ ಸೂಜಿ ಹಿಡಿಯಲು ಕಲಿತ ಹುಡುಗಿಯರು ಒಬ್ಬೊಬ್ಬರಾಗಿ ಹೊರದೇಶಕ್ಕೆ ಹಾರುತ್ತಿದ್ದರು. ಪ್ರತಿಯೊಬ್ಬಳಿಗೂ ಕೇಕು ಕತ್ತರಿಸಿ, "ಎಲ್ಲಿದ್ರೂ ಚೆನ್ನಾಗಿರು" ಎಂದು ಎರಡು ಮಾತಾಡಿ ಕಳಿಸಿಕೊಡುವುದು ಇವಳ ಕೆಲಸ. ಹೀಗೆ ಕೇಕು ತಿಂದೂ ತಿಂದೂ ಸಾಕಾಯಿತೋ ಏನೋ, ಹೋದ ವರ್ಷ ಒಂದು ಭಾನುವಾರ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಾ ಅವಳು ಹೇಳಿದಳು:

"ರೀ, ನಾನೂ ಕೆನಡಾ ಪರೀಕ್ಷೆ ಬರೀತೀನಿ."

"ಅದ್ಯಾವುದು?"

"ನರ್ಸಿಂಗ್ ಲೈಸೆನ್ಸ್ ಪರೀಕ್ಷೆ. ಅದು ಪಾಸಾದ್ರೇನೇ ಅಲ್ಲಿ ಕೆಲಸ. ಕಾಗದಪತ್ರ ಎಲ್ಲಾ ಕಳ್ಸಿ ಆಯ್ತು, ನೀವು ಬರೀಬಹುದು ಅಂತ ಅವರಿಂದ ಉತ್ತರಾನೂ ಬಂತು."

"ಕಾಗದಪತ್ರ ಕಳ್ಸಿದ್ಯಾ? ನನಗೆ ಹೇಳಲೇ ಇಲ್ಲ?"

"ಹೇಳ್ದೆ. ನೀವು ಆಗ ಗೀಸರ್ ಹೋಲಿಸ್ತಾ ಇದ್ರಿ."

ಇರಬಹುದು. ಗೀಸರಿನ ವಿಚಾರದಲ್ಲಿ ಆ ದಿನಗಳಲ್ಲಿ ನಾನು ಬಹಳ ಆಳಕ್ಕೆ ಇಳಿದಿದ್ದೆ. ಸುಜಾತ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, "ಈಗ ನಿಮ್ಮಿಂದ ಆಗಬೇಕಾದ್ದು ಇಷ್ಟೇ. ಜಯನಗರ ಕಾಂಪ್ಲೆಕ್ಸ್ ಕಡೆ ಹೋದಾಗ ಒಂದು ಒಳ್ಳೇ ಪುಸ್ತಕ ತಂದುಕೊಡಿ. ಒಂದು ಸಾಕು" ಎಂದಳು. "ಪುಸ್ತಕದ ವಿಷಯ ನನಗೆ ಬಿಡು" ಎಂದೆ. ಪಕ್ಕದಲ್ಲಿ ಕೂತು ಮೊಬೈಲು ನೋಡುತ್ತಿದ್ದ ನಮ್ಮ ಮಗಳು ಮೇಘ, ಸೆಕೆಂಡ್ ಪಿಯುಸಿಯವಳು, ತಲೆಯೆತ್ತದೆ, "ಅಮ್ಮಾ, ನೀನು ರಿಟೈರ್ ಆಗೋ ವರ್ಷಕ್ಕೆ ಬರುತ್ತೆ ಬಿಡು" ಎಂದಳು.

ಮೊದಲ ಕೊಟೇಶನ್ನಿಗೆ ಜಯನಗರದ ಪುಸ್ತಕದಂಗಡಿಗೆ ಹೋದೆ. ಪರೀಕ್ಷೆಯ ಹೆಸರು ಹೇಳಿದ ಕೂಡಲೇ ಅಂಗಡಿಯವರು ಒಂದು ದಪ್ಪ ಪುಸ್ತಕವನ್ನು ಎರಡೂ ಕೈಯಿಂದ ಎತ್ತಿ ಕೌಂಟರಿನ ಮೇಲೆ ಇಟ್ಟರು. ಕೌಂಟರು ಅಲುಗಿತು. ಎಲ್ಲರೂ ಒಯ್ಯುವುದು ಇದನ್ನೇ ಎಂದರು. ಎಲ್ಲರೂ ಒಯ್ಯುತ್ತಾರೆಂಬ ಒಂದೇ ಕಾರಣಕ್ಕೆ ಒಯ್ಯುವವನು ನಾನಲ್ಲ. ಬೇರೆ ತೋರಿಸಿ ಎಂದೆ. ತೋರಿಸಿದರು. ಇನ್ನೊಂದು ಎಂದೆ. ಅದನ್ನೂ ತೋರಿಸಿದರು. ಮೂರೂ ಪುಸ್ತಕಗಳ ಹಾಳೆಯ ದಪ್ಪ, ಹೊಲಿಗೆ, ಅಕ್ಷರದ ಗಾತ್ರ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು, ಇವುಗಳಲ್ಲಿ ತಪ್ಪು ಉತ್ತರ ಅಚ್ಚಾಗಿರುವ ಪ್ರಮಾಣ ಎಷ್ಟು ಎಂದು ವಿಚಾರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಸಾರ್, ಪರೀಕ್ಷೆ ಯಾರಿಗೆ?" ಎಂದರು. ನನ್ನ ಮಿಸೆಸ್‌ಗೆ ಎಂದೆ. "ಅವರನ್ನೇ ಕಳ್ಸಿ ಸಾರ್, ಐದು ನಿಮಿಷದ ಕೆಲಸ" ಎಂದರು. ಮಾರಾಟಗಾರರು ತಾಳ್ಮೆ ಕಳೆದುಕೊಳ್ಳುವುದು ನನಗೆ ಹೊಸದಲ್ಲ. ಚೀಟಿಯಲ್ಲಿ 'ಸೇವೆ ಸಾಧಾರಣ' ಎಂದು ಬರೆದುಕೊಂಡು ಹೊರಗೆ ಬಂದೆ.

ಎರಡನೆಯದು ಬಿಟಿಎಂ ಲೇಔಟಿನ ಒಂದು ಕೋಚಿಂಗ್ ಸೆಂಟರ್. ಕೆಳಗೆ ಬಿರಿಯಾನಿ ಅಂಗಡಿ, ಅದರ ಮೇಲೆ ಜಿಮ್ಮು, ಅದರ ಮೇಲೆ ವಿದ್ಯೆ. ಪರೀಕ್ಷೆ ಪಾಸಾದವರ ಫೋಟೋಗಳು ಗೋಡೆ ತುಂಬ ಇದ್ದವು, ಎಲ್ಲರ ಹಿಂದೆಯೂ ಒಂದೇ ವಿಮಾನ. ಅಲ್ಲಿದ್ದ ಮೇನೇಜರು ತರಗತಿ, ನೋಟ್ಸು, ಅಣಕು ಪರೀಕ್ಷೆ ಎಲ್ಲ ಸೇರಿ ಒಂದೇ ಪ್ಯಾಕೇಜು ಎಂದರು. ಕಾರ್ಖಾನೆಯ ಅಭ್ಯಾಸದಂತೆ, "ನಿಮ್ಮಲ್ಲಿ ರಿಜೆಕ್ಷನ್ ಎಷ್ಟು?" ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. "ಫೇಲಾದವರು ಎಷ್ಟು ಜನ?" ಎಂದೆ.

"ನಮ್ಮಲ್ಲಿ ಯಾರೂ ಫೇಲಾಗಲ್ಲ ಸಾರ್."

"ಒಬ್ರೂ ಇಲ್ವಾ?"

"ಇಲ್ಲ ಸಾರ್. ಕೆಲವರು ಡಿಸ್‌ಕಂಟಿನ್ಯೂ ಆಗ್ತಾರೆ. ಫೇಲಾದ ಮೇಲೆ."

ಈ ಮನುಷ್ಯನನ್ನು ನಮ್ಮ ಕಾರ್ಖಾನೆಯ ಕ್ವಾಲಿಟಿ ವಿಭಾಗಕ್ಕೆ ಕರೆದುಕೊಂಡು ಬರಬೇಕು ಎನ್ನಿಸಿತು. ನಮ್ಮಲ್ಲಿ ಒಡೆದುಹೋದ ಪಂಪುಗಳೂ ಡಿಸ್‌ಕಂಟಿನ್ಯೂ ಆದವುಗಳೇ ಎಂದು ಗಿರಾಕಿಗಳಿಗೆ ಹೇಳಬಹುದಿತ್ತು.

ಈ ನಡುವೆ ಸುಜಾತಳ ವಾರ್ಡಿನ ಕಿರಿಯ ನರ್ಸು ಲಾವಣ್ಯ, ತಾನು ಓದಿದ ಪುಸ್ತಕ ಇದೆ, ಬೇಕಾದರೆ ಕೊಡುತ್ತೇನೆ ಎಂದಿದ್ದಳಂತೆ. ಆ ಹುಡುಗಿ ಇದೇ ಪರೀಕ್ಷೆಯನ್ನು ಪಾಸುಮಾಡಿ ವೀಸಾ ಕಾಯುತ್ತಾ ಬಿಳೇಕಹಳ್ಳಿಯ ಪಿಜಿಯೊಂದರಲ್ಲಿದ್ದಳು. ಅದನ್ನು ತಪಾಸಣೆ ಮಾಡಲು ಒಂದು ಶನಿವಾರ ಸ್ಕೂಟರಿನಲ್ಲಿ ಹೋದೆ. ಲಾವಣ್ಯ ಪಿಜಿಯ ಮೆಟ್ಟಿಲ ಮೇಲೆ ಪುಸ್ತಕ ತಂದಿಟ್ಟಳು. ರಟ್ಟು ಕಿತ್ತಿತ್ತು, ಪುಟಗಳ ಅಂಚಿನಲ್ಲಿ ಸಾಂಬಾರಿನ ಕಲೆ, ಒಳಗೆಲ್ಲ ಮೂರು ಬಣ್ಣದ ಪೆನ್ನಿನ ಗೀಚು. ಮೊದಲ ಪುಟ ತಿರುವಿ ನೋಡಿ, "ಇದು ಹಳೇ ಎಡಿಷನ್ನು ಕಣಮ್ಮ. ಹೊಸದು ಬಂದಿದೆ" ಎಂದೆ.

"ಬಂದಿದ್ರೇನಂತೆ ಅಂಕಲ್? ಹಾರ್ಟು ಇನ್ನೂ ಎಡಗಡೇನೇ ಇದೆ."

ಹಾರ್ಟಿನ ವಿಷಯದಲ್ಲಿ ಅವಳು ಹೇಳಿದ್ದು ಸರಿ. ಆದರೆ ಸೆಕೆಂಡ್‌ಹ್ಯಾಂಡ್ ಸಾಮಾನಿಗೆ ನಮ್ಮ ವಿಭಾಗದಲ್ಲಿ ಅನುಮತಿಯಿರಲಿಲ್ಲ. ವಾಪಸ್ ಕೊಟ್ಟು ಬಂದೆ.

ಮೂರು ಕೊಟೇಶನ್ ಆದ ಮೇಲೂ ತೃಪ್ತಿಯಾಗದೆ ನಾಲ್ಕನೆಯದಕ್ಕೆ ಕೈ ಹಾಕಿದೆ. ಅದು ಮೊಬೈಲಿನಲ್ಲಿ ಪ್ರಶ್ನೆ ಕೇಳುವ ಒಂದು ಆ್ಯಪು. ಗುಣಮಟ್ಟ ನೋಡೋಣವೆಂದು ನನ್ನ ಫೋನಿಗೇ ಹಾಕಿಕೊಂಡೆ. ದಿನಕ್ಕೆ ಹತ್ತು ಪ್ರಶ್ನೆ ಬಿಟ್ಟಿ. ಒಂದು ದಿನ ತಪ್ಪಿಸಿದರೆ, 'ನಿಮ್ಮ ರೋಗಿಗಳು ಕಾಯುತ್ತಿದ್ದಾರೆ' ಎಂದು ಸಂದೇಶ ಬರುತ್ತಿತ್ತು. ಬೋಲ್ಟು ನಟ್ಟುಗಳ ನಡುವೆ ಬದುಕು ಕಳೆದವನನ್ನು ಯಾರೋ ಕಾಯುತ್ತಿದ್ದಾರೆಂದರೆ ಸುಮ್ಮನಿರಲಾದೀತೇ? ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹತ್ತು ಪ್ರಶ್ನೆ ಬಿಡಿಸುವುದು ಚಟವಾಯಿತು. ಒಂದು ಸಂಜೆ ಸುಜಾತಳಿಗೂ ಒಂದು ಪ್ರಶ್ನೆ ಓದಿ ಹೇಳಿದೆ. "ನಿನ್ನ ಪಾಳಿಯಲ್ಲಿ ನಾಲ್ಕು ಜನ ರೋಗಿಗಳು. ಒಬ್ಬನಿಗೆ ಆಪರೇಷನ್ ಆಗಿ ನೋವು. ಒಬ್ಬಳಿಗೆ ಸಕ್ಕರೆ ಕಾಯಿಲೆ, ತಿಂಡಿ ತಡವಾಗಿದೆ. ಒಬ್ಬನಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತಿದೆ. ಇನ್ನೊಬ್ಬಳು ಮನೆಗೆ ಹೋಗಬೇಕೆಂದು ಅಳುತ್ತಿದ್ದಾಳೆ. ಮೊದಲು ಯಾರನ್ನ ನೋಡ್ತೀಯ?"

"ನಾಲ್ಕೇ ಜನಾನಾ?"

"ಹೌದು, ನಾಲ್ಕೇ."

"ಆ ವಾರ್ಡು ಎಲ್ಲಿದೆ, ಮೊದಲು ಅಡ್ರೆಸ್ ಕೊಡಿ. ನಾಳೇನೇ ಹೋಗಿ ಸೇರ್ಕೋತೀನಿ."

"ತಮಾಷೆ ಬೇಡ. ಉಸಿರು ಕಟ್ಟಿದವನನ್ನ. ನನಗೆ ಸರಿ ಬಂತು ಗೊತ್ತಾ?" ಎಂದು ಬೀಗಿದೆ. ಅವಳು, "ಪುಸ್ತಕ ಯಾವಾಗ ತರ್ತೀರಿ?" ಎಂದಳು. ಅದನ್ನು ಅವಳು ಕೇಳಿದ್ದು ಅದೇ ಕೊನೆ.

ಹೀಗೆ ನಾಲ್ಕು ತಿಂಗಳಾಯಿತು. ಒಂದು ದೊಡ್ಡ ಹಾಳೆಯಲ್ಲಿ ಅಡ್ಡ ಉದ್ದ ಗೆರೆ ಎಳೆದು, ಎಲ್ಲ ಪುಸ್ತಕ, ಕೋಚಿಂಗು, ಆ್ಯಪುಗಳ ಗುಣಾವಗುಣಗಳನ್ನು ತುಂಬಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಒಂದು ಭಾನುವಾರ ಬೆಳಿಗ್ಗೆ, ಸುಜಾತ ಡ್ಯೂಟಿಗೆ ಹೋಗಿದ್ದಳು, ನಾನು ಆ ಹಾಳೆಗೆ ಇನ್ನೊಂದು ಸಾಲು ಸೇರಿಸುತ್ತಿದ್ದೆ. ಮೇಘ ಹಾಲು ತೆಗೆಯಲು ಬಂದವಳು ನನ್ನ ಹಿಂದೆ ನಿಂತಳು.

"ಅಪ್ಪಾ, ಅಮ್ಮ ಹೋಗೋದು ನಿಂಗೆ ಇಷ್ಟ ಇಲ್ಲ ಅಂದ್ರೆ ಹಂಗೇ ಹೇಳ್ಬಿಡು. ಫ್ರಿಜ್ಜನ್ನ ಯಾಕೆ ಗಲೀಜು ಮಾಡ್ತೀಯ?"

ಕೆಟ್ಟ ಕೋಪ ಬಂತು. ದೊಡ್ಡವರ ಹತ್ತಿರ ಮಾತಾಡುವ ರೀತಿಯೇ ಇದು, ಅಮ್ಮನ ಒಳ್ಳೆಯದಕ್ಕಲ್ಲವೇ ನಾನು ಒದ್ದಾಡುತ್ತಿರುವುದು ಎಂದೆಲ್ಲ ಕೂಗಾಡಿದೆ. ಅವಳು ಹಾಲು ತೆಗೆದುಕೊಂಡು ಹೋದಳು. ನಾನು ಪೆನ್ನು ಹಿಡಿದು ಅಲ್ಲೇ ನಿಂತೆ. ನಿಜ ಹೇಳಬೇಕೆಂದರೆ, ಕಾರ್ಖಾನೆಯಲ್ಲಿ ಯಾವುದಾದರೂ ಸಾಮಾನು ಬರುವುದು ಬೇಡವೆಂದಾಗ ನಾವು ಎಂದೂ ಬೇಡ ಎನ್ನುವುದಿಲ್ಲ. 'ಇನ್ನೊಂದು ಕೊಟೇಶನ್ ತರಿಸಿ' ಎನ್ನುತ್ತೇವೆ. ನಾನು ನಾಲ್ಕು ತಿಂಗಳಿಂದ ಮಾಡುತ್ತಿದ್ದುದು ಅದೇ. ಬೆಳಿಗ್ಗೆ ಎದ್ದರೆ ಸುಜಾತ ಇಲ್ಲದ ಅಡಿಗೆಮನೆ, ಅವಳ ಚಪ್ಪಲಿ ಇಲ್ಲದ ಬಾಗಿಲು. ಇವುಗಳನ್ನು ನೆನೆಸಿಕೊಳ್ಳುವ ಧೈರ್ಯವಿಲ್ಲದೆ ಹಾಳೆಯ ದಪ್ಪ ಅಳೆಯುತ್ತಿದ್ದೆ. ಮನುಷ್ಯ ಎಷ್ಟು ನೀಟಾಗಿ ಗೆರೆ ಎಳೆದು ತನಗೆ ತಾನೇ ಮೋಸ ಮಾಡಿಕೊಳ್ಳಬಹುದೆಂಬುದಕ್ಕೆ ನಮ್ಮ ಫ್ರಿಜ್ಜಿನ ಬಾಗಿಲು ಸಾಕ್ಷಿಯಾಗಿತ್ತು.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಸೀದಾ ಜಯನಗರಕ್ಕೆ ಹೋದೆ. ಆ ದಪ್ಪ ಪುಸ್ತಕವನ್ನೇ ಕೊಡಿ ಎಂದೆ. ಅಂಗಡಿಯವರು, ನಾನು ಮನಸ್ಸು ಬದಲಿಸುವ ಮೊದಲೇ ಎಂಬಂತೆ, ಗಡಿಬಿಡಿಯಿಂದ ಕಟ್ಟಿಕೊಟ್ಟರು. ಬೆಳಗಿನ ಪಾಳಿ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ಗೇಟಿನಲ್ಲಿದ್ದೆ. ಲಾವಣ್ಯ ಹೊರಗೆ ಬಂದಳು. ನನ್ನ ಕೈಲಿದ್ದ ಪುಸ್ತಕ ನೋಡಿ ಅವಳ ಮುಖ ಒಂದು ಥರ ಆಯಿತು. "ಅಂಕಲ್... ಅಕ್ಕ ಕ್ಯಾಂಟೀನಲ್ಲಿದ್ದಾರೆ. ನೀವೇ ಹೋಗಿ ಮಾತಾಡಿ" ಎಂದಳು.

ಸುಜಾತ ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಒಬ್ಬಳೇ ಕೂತಿದ್ದಳು. ಮುಂದಿದ್ದ ವಡೆಯನ್ನು ತಿನ್ನದೆ ಪುಡಿಪುಡಿ ಮಾಡುತ್ತಿದ್ದಳು. ನಾನು ಪುಸ್ತಕವನ್ನು ಎದುರಿಗೆ ಇಟ್ಟು ಕೂತೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಹೋದ ಗುರುವಾರ ಬರೆದೆ ರೀ. ಟ್ರೈನಿಂಗ್ ಇದೆ ಅಂತ ಹೇಳಿ ಹೋಗಿದ್ನಲ್ಲ, ಅವತ್ತು. ಲಾವಣ್ಯನ ಹಳೇ ಪುಸ್ತಕ ತಗೊಂಡು, ಲಾಕರಲ್ಲಿ ಇಟ್ಕೊಂಡು, ಬಸ್ಸಲ್ಲಿ, ಊಟದ ಟೈಮಲ್ಲಿ ಓದ್ದೆ. ಇವತ್ತು ರಿಸಲ್ಟ್ ಬಂತು."

"ಏನಾಯ್ತು?"

"ಹೋಯ್ತು."

ಆಗ ನನಗೆ ಮೊದಲು ಆದದ್ದೇನೆಂದು ಈವರೆಗೆ ಯಾರಿಗೂ ಹೇಳಿಲ್ಲ. ಸಂತೋಷವಾಯಿತು. ಪೂರ್ತಿ ಅರ್ಧ ನಿಮಿಷ, ಎದೆಯಲ್ಲಿ ಯಾರೋ ಫ್ಯಾನು ಹಾಕಿದಂತೆ ತಂಪಾಯಿತು. ಇನ್ನೆಲ್ಲಿಗೂ ಹೋಗುವುದಿಲ್ಲ, ನಾಳೆಯೂ ಚಪ್ಪಲಿ ಬಾಗಿಲಲ್ಲೇ ಇರುತ್ತದೆ. ಆಮೇಲೆ ಅವಳ ಬೆರಳುಗಳನ್ನು ನೋಡಿದೆ. ಇಪ್ಪತ್ತು ವರ್ಷ ಯಾರ್‍ಯಾರದೋ ನಾಡಿ ಹಿಡಿದು ನಡುಗದ ಬೆರಳುಗಳು ವಡೆಯ ಚೂರನ್ನು ಇನ್ನೂ ಸಣ್ಣ ಚೂರು ಮಾಡುತ್ತಿದ್ದವು. "ಅವರ ಪ್ರಕಾರ ನನಗೆ ನರ್ಸಿಂಗೇ ಬರಲ್ಲ ಕಣ್ರೀ" ಎಂದಳು. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ನಾಲ್ಕು ತಿಂಗಳ ಹಿಂದೆ ಐದು ನಿಮಿಷದ ಕೆಲಸ ಮಾಡಿದ್ದರೆ ಅವಳು ಬಸ್ಸಿನ ಕಂಬಿಗೆ ಒರಗಿ ಕದ್ದು ಓದಬೇಕಿರಲಿಲ್ಲ.

"ಒಂದೂವರೆ ತಿಂಗಳು ಬಿಟ್ಟು ಮತ್ತೆ ಬರೀಬಹುದು ಅಲ್ವಾ?" ಎಂದೆ.

"ಬರೀಬಹುದು. ನಿಮಗ್ಯಾಕೆ?"

"ಏಳು. ಮನೆಗೆ ಹೋಗೋಣ. ಓದೋಣ."

ಅಂದಿನಿಂದ ಸಂಜೆ ಐದಕ್ಕೆ ನಮ್ಮ ಕುಮಾರಸ್ವಾಮಿ ಲೇಔಟಿನ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ಪಾಠ ಶುರುವಾಯಿತು. ನಾನು ಪ್ರಶ್ನೆ ಓದುವುದು, ಅವಳು ಉತ್ತರ ಹೇಳುವುದು. ಎರಡು ದಿನದಲ್ಲಿ ಅವಳು ಎಲ್ಲಿ ಎಡವುತ್ತಿದ್ದಾಳೆಂದು ನನಗೆ ತಿಳಿಯಿತು. ರೋಗಿಗೆ ಎದೆನೋವು ಬಂದರೆ ನರ್ಸು ಮೊದಲು ಏನು ಮಾಡಬೇಕು ಎಂದು ಪ್ರಶ್ನೆ. ಸುಜಾತ ತಟ್ಟನೆ, "ಡಾಕ್ಟರಿಗೆ ಫೋನ್" ಎಂದಳು.

"ತಪ್ಪು. ಮೊದಲು ರೋಗಿಯನ್ನ ಪರೀಕ್ಷೆ ಮಾಡ್ಬೇಕು."

"ರೀ, ನಾನು ರೋಗೀನ ಬಾಗಿಲಲ್ಲೇ ನೋಡಿ ಹೇಳ್ತೀನಿ. ನಮ್ಮ ಡ್ಯೂಟಿ ಡಾಕ್ಟರು ಬರೋದಕ್ಕೆ ಹೊತ್ತಾಗುತ್ತೆ, ಅದಕ್ಕೇ ಮೊದಲು ಫೋನು."

"ಅದು ನಿಮ್ಮ ಆಸ್ಪತ್ರೆ. ಇದು ಪುಸ್ತಕದ ಆಸ್ಪತ್ರೆ. ಇಲ್ಲಿ ಡಾಕ್ಟರು ಪಕ್ಕದ ರೂಮಲ್ಲೇ ಇರ್ತಾರೆ, ಲಿಫ್ಟು ಕೆಡಲ್ಲ, ಔಷಧಿ ಖಾಲಿಯಾಗಲ್ಲ, ರೋಗಿ ಜೊತೆ ಹದಿನಾಲ್ಕು ಜನ ನೆಂಟರು ಬರಲ್ಲ."

ಆ ಪುಸ್ತಕದ ಆಸ್ಪತ್ರೆಗೆ ನಾನು ತಿಂಗಳುಗಟ್ಟಲೆ ದಿನಾ ಊಟದ ಹೊತ್ತಿನಲ್ಲಿ ಆ್ಯಪಿನ ಮೂಲಕ ಹಾಜರಿ ಹಾಕಿದ್ದೆನಲ್ಲ, ಅಲ್ಲಿನ ರೀತಿ ರಿವಾಜು ನನಗೆ ಬಾಯಿಪಾಠವಾಗಿತ್ತು. ಕಾಯಿಲೆ ಏನೆಂದು ನನಗೆ ಗೊತ್ತಿರಲಿಲ್ಲ, ಆದರೆ ಉತ್ತರ ಯಾವುದೆಂದು ಗೊತ್ತಿತ್ತು. ಅವಳಿಗೆ ಕಾಯಿಲೆಯೆಲ್ಲ ಗೊತ್ತಿತ್ತು, ಪ್ರಶ್ನೆ ಕೇಳುವವನ ಬುದ್ಧಿ ಗೊತ್ತಿರಲಿಲ್ಲ. ಇಬ್ಬರನ್ನೂ ಸೇರಿಸಿದರೆ ಒಬ್ಬ ಒಳ್ಳೆಯ ನರ್ಸು ಆಗುವಂತಿತ್ತು. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಗಿಸಲು ಬರುತ್ತಿದ್ದ ಆಂಟಿ ಮಾತ್ರ ಕಂಗಾಲಾದರು. "ರಕ್ತ ವಾಂತಿ ಮಾಡ್ಕೊಂಡು ಬಿದ್ದಿದ್ದಾನೆ, ಈಗೇನ್ ಮಾಡ್ತೀಯ?" ಎಂದು ನಾನು ಜೋರಾಗಿ ಓದಿದ ಒಂದು ಸಂಜೆ ಅವರು ಬಕೆಟ್ಟು ಅಲ್ಲೇ ಬಿಟ್ಟು ಓಡಿಬಂದು, "ಯಾರಿಗ್ರೀ ಏನಾಯ್ತು?" ಎಂದು ಗೇಟು ಬಡಿದರು. ಮೇಘ, "ಏನಿಲ್ಲ ಆಂಟಿ, ಅಪ್ಪನಿಗೆ ಡ್ಯೂಟಿ" ಎಂದು ಕಳಿಸಿದಳು.

ಎರಡನೇ ಸಲ ಪರೀಕ್ಷೆಗೆ ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಆ ಪರೀಕ್ಷೆಗೆ ಪ್ರಶ್ನೆಗಳ ಲೆಕ್ಕವೇ ನಿಗದಿಯಿಲ್ಲ. ಇವಳು ಪಾಸೋ ಫೇಲೋ ಎಂದು ಕಂಪ್ಯೂಟರಿಗೆ ಖಾತ್ರಿಯಾದ ಗಳಿಗೆಯಲ್ಲಿ ಅದು ತಾನೇ ಬಾಗಿಲು ಹಾಕಿಬಿಡುತ್ತದೆ. ಸುಜಾತ ನಾನು ಎಣಿಸಿದ್ದಕ್ಕಿಂತ ಬೇಗ ಹೊರಗೆ ಬಂದಳು. "ನಿಂತೋಯ್ತು ರೀ, ಬೇಗ ನಿಂತೋಯ್ತು" ಎಂದಳು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಇಬ್ಬರಿಗೂ ತಿಳಿಯದು. ಎರಡು ದಿನ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ, ಅಷ್ಟು ಭಯ. ಮೂರನೆಯ ದಿನ ಬೆಳಿಗ್ಗೆ ಸುಜಾತ ದೋಸೆ ಹುಯ್ಯುತ್ತಿದ್ದಾಗ ಮೇಘ ಅವಳ ಫೋನಿನಲ್ಲಿ ನೋಡಿ ಕಿರುಚಿದಳು. ಪಾಸು. ಒಲೆಯ ಮೇಲಿದ್ದ ದೋಸೆ ಕರಿಯಾಯಿತು. ಸುಜಾತ ಸೌಟು ಹಿಡಿದುಕೊಂಡೇ ಅತ್ತಳು. ನಾನೂ ಅತ್ತೆ, ಹೊಗೆಗೆ ಎಂದು ಹೇಳಿದೆ.

ಪಾಸಾದ ಮೇಲೆ ಉಳಿದದ್ದೆಲ್ಲ ಸರಸರನೆ ನಡೆಯಿತು. ಅಲ್ಲಿನ ಆಸ್ಪತ್ರೆಯೊಂದರವರು ಸಂದರ್ಶನ ಮಾಡಿದರು, ಒಪ್ಪಿಕೊಂಡರು. ಮೇಘಳ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಸುಜಾತ ಮೊದಲು ಹೋಗುವುದು, ನಾವಿಬ್ಬರು ಆಮೇಲೆ ನೋಡಿಕೊಂಡು ಹೋಗುವುದು ಎಂದಾಯಿತು. ಒಂದು ಸಂಜೆ ತಾರಸಿಯ ಮೇಲೆ, ಈಗ ಪಾಠವಿಲ್ಲದ್ದರಿಂದ ಇಬ್ಬರೂ ಸುಮ್ಮನೆ ಕೂತಿದ್ದಾಗ, ಅವಳು ಕೇಳಿದಳು:

"ರೀ, ನಾನು ಹೋದ್ರೆ ನಿಮಗೆ ಹೇಗನ್ಸುತ್ತೆ?"

ಆ ದಪ್ಪ ಪುಸ್ತಕದಲ್ಲಿ ರೋಗಿಯ ಜೊತೆ ಮಾತಾಡುವ ಕ್ರಮವೆಂದೇ ಒಂದು ಅಧ್ಯಾಯವಿದೆ. ರೋಗಿ ತನ್ನ ಮನಸ್ಸಿನದನ್ನು ಕೇಳಿದಾಗ ನರ್ಸು 'ಎಲ್ಲಾ ಸರಿಹೋಗುತ್ತೆ' ಎನ್ನಕೂಡದು, 'ಯಾಕೆ?' ಎಂದು ಕೇಳಕೂಡದು, ತನ್ನ ಕಥೆಯನ್ನಂತೂ ಹೇಳಲೇಕೂಡದು. ಮಾತನ್ನು ಮೆಲ್ಲಗೆ ಅವರ ಕಡೆಗೇ ತಿರುಗಿಸಬೇಕು. ನನಗೆ ಆ ಅಧ್ಯಾಯದಲ್ಲಿ ಒಂದೂ ತಪ್ಪು ಬರುತ್ತಿರಲಿಲ್ಲ.

"ಹೋಗೋ ವಿಷಯ ನಿನ್ನ ಮನಸ್ಸಲ್ಲಿ ಓಡ್ತಾ ಇದೆ ಅನ್ಸುತ್ತೆ. ಅದರ ಬಗ್ಗೆ ಇನ್ನೂ ಸ್ವಲ್ಪ ಹೇಳು" ಎಂದೆ.

ಸುಜಾತ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ಪರೀಕ್ಷೆ ಮುಗೀತು ರೀ. ಈಗ ನಿಜ ಹೇಳಿ."

"ಬೇಜಾರಾಗುತ್ತೆ ಕಣೇ" ಎಂದೆ. "ತುಂಬಾ. ಪುಸ್ತಕ ತರೋದಕ್ಕೆ ಅಷ್ಟು ದಿನ ಎಳೆದಿದ್ದೂ ಅದಕ್ಕೇ."

"ಗೊತ್ತು."

"ಗೊತ್ತಿತ್ತಾ? ಮತ್ತೆ ಒಂದ್ ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನೀವೆಲ್ಲಿ ಹೇಳ್ತಿದ್ರಿ? ಕೆಲವು ಪೇಷಂಟುಗಳು ಹಂಗೇ. ತಾವಾಗೇ ಬಾಯಿ ಬಿಡೋ ತನಕ ಪಕ್ಕದಲ್ಲಿ ಸುಮ್ನೆ ಇರಬೇಕು. ಪುಸ್ತಕಕ್ಕೆ ಬರೋಕೆ ಮುಂಚೆಯಿಂದಾನೂ ನಮ್ಮ ವಾರ್ಡಲ್ಲಿ ಅದು ಎಲ್ಲರಿಗೂ ಗೊತ್ತು."

ಇಷ್ಟು ಹೇಳಿ ಅವಳು ಟ್ಯಾಂಕಿನ ಮುಚ್ಚಳ ಸರಿಮಾಡಿ ಕೆಳಗಿಳಿದು ಹೋದಳು. ಅವಳಿಗೆ ಪಾಠ ಹೇಳಿಕೊಟ್ಟು ಪಾಸು ಮಾಡಿಸಿದವನು ನಾನು ಎಂದು ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ಓಡಾಡಿದ್ದೆ. ಅಷ್ಟು ತಿಂಗಳೂ ನಾನೇ ಅವಳ ವಾರ್ಡಿನಲ್ಲಿ ಮಲಗಿದ್ದೆನೆಂಬುದು ಆಗಷ್ಟೇ ಗೊತ್ತಾಯಿತು. ಕೆಳಗಿನಿಂದ ಅವಳು, "ಬನ್ರೀ, ಬಿಪಿ ಮಾತ್ರೆ ತಗೊಳ್ಳಿ" ಎಂದು ಕೂಗಿದಳು. ಮೂರನೇ ಕೂಗಿಗೆ ಇಳಿಯುವವನು ಮೊದಲನೇ ಕೂಗಿಗೇ ಇಳಿದೆ.